ಬಲಗಡೆಯ ಚಕ್ರದ ಪಿನ್ನು

ಇಕ್ಕಳದ ಬಾಯಿಗೆ ಸಿಕ್ಕ ತುಕ್ಕು ಹಿಡಿದ ಪಿನ್ನನ್ನು ಮೇಷ್ಟ್ರು ಎರಡು ಸಲ ಎಳೆದರು, ಮೂರನೆಯ ಸಲಕ್ಕೆ ಅದು ಕಿತ್ತು ಬಂತು. ಬಂದದ್ದೇ ತಡ, ಅವರ ಕೈ ತನ್ನ ಪಾಡಿಗೆ ತಾನು ಕಾರಿನಡಿಯಿಂದ ಹೊರಗೆ ಚಾಚಿಕೊಂಡಿತು. ಹೆಂಡತಿಯ ಬಟ್ಟಲಿನಲ್ಲಿ ಟಣ್ಣೆಂದು ಸದ್ದಾಯಿತು. ಹಾಕಬಾರದಿತ್ತೆಂದು ಆಮೇಲೆ ಹೊಳೆಯಿತು.

ಇಪ್ಪತ್ತು ವರ್ಷದ ರೂಢಿ. ಕಾರಿನ ಕೆಲಸವನ್ನು ಅವರು ಹೊರಗೆ ಕೊಟ್ಟವರೇ ಅಲ್ಲ. ಜಾಕ್ ಕೊಟ್ಟು, ಚಕ್ರ ಬಿಚ್ಚಿ ಅವರು ಕೆಳಗೆ ತೂರಿದರೆ ಅವಳು ಮಣೆ ಹಾಕಿಕೊಂಡು ಪಕ್ಕದಲ್ಲಿ ಕೂರುವಳು. ಬಿಚ್ಚಿದ್ದೆಲ್ಲ ಅವಳ ಬಟ್ಟಲಿಗೆ, ಕೇಳಿದ್ದೆಲ್ಲ ಅವಳ ಕೈಯಿಂದ. ಡಾಕ್ಟರು, ನರ್ಸು ಇಬ್ಬರೂ ಇದ್ದೀರಿ, ರೋಗಿ ಬದುಕಿದರೆ ಹೇಳಿ ಕಳಿಸಿ ಭಾವ ಎಂದು ಅವಳ ತಮ್ಮ ರೇಗಿಸುತ್ತಿದ್ದ.

ಆ ತಮ್ಮನೇ ಈಗಿಲ್ಲ. ಹನ್ನೊಂದು ತಿಂಗಳ ಹಿಂದೆ ಎಡಗಡೆಯ ಸ್ಟೀರಿಂಗ್ ಕೀಲು ಸವೆದು ಗಡಗಡ ಎನ್ನುತ್ತಿತ್ತೆಂದು ಮೇಷ್ಟ್ರೇ ಹೊಸದು ಹಾಕಿದ್ದರು. ನಟ್ಟು ಕಳಚದಂತೆ ಅಡ್ಡ ಹಾಯಿಸುವ ಪಿನ್ನು ತೆಗೆಯುವಾಗಲೇ ಮುರಿದು ಮಣ್ಣಿಗೆ ಬಿತ್ತು. ಅಂಗಡಿಗಳು ಮುಚ್ಚಿದ್ದವು. ಯಾತಕ್ಕೆಂದು ಹೇಳದೆ, ತಂತಿ ಏನಾದರೂ ಇದೆಯಾ ಎಂದು ಕೇಳಿದರು. ಅವಳು ಗೋಡೆಯ ಫೋಟೋ ಇಳಿಸಿ, ಅದರ ಹಿಂದಿನ ತಂತಿ ಬಿಚ್ಚಿ ತಂದುಕೊಟ್ಟಳು. ನಾಳೆ ಪಿನ್ನು ತಂದರಾಯಿತು ಎಂದು ಅದನ್ನೇ ಪೋಣಿಸಿ ತಿರುಚಿದರು. ನಾಳೆ ನಾಳೆಯಾಗಿಯೇ ಉಳಿಯಿತು. ವಾರ ತುಂಬುವುದರೊಳಗೆ, ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವಾಗ ನಟ್ಟು ಕಳಚಿ, ಚಕ್ರ ಎತ್ತಲೋ ತಿರುಗಿ, ಕಾರು ಎಡಮಗ್ಗುಲಿಂದ ಕಂಬಕ್ಕೆ ಬಡಿಯಿತು. ಮೇಷ್ಟ್ರಿಗೆ ಹಣೆಯ ಮೇಲೊಂದು ಗೀರು, ಅಷ್ಟೇ.

ಹಳೇ ಗಾಡಿ, ಏನೋ ಮುರಿದಿದೆ ಎಂದರು ಜನ. ಮೇಷ್ಟ್ರೂ ಹೂಂ ಎಂದರು. ತಪ್ಪು ತನ್ನದೆಂದು ಹೇಳಿಕೊಳ್ಳಲು ಅವರಿಗೆ ಅಳುಕಿರಲಿಲ್ಲ. ಆದರೆ ಹೇಳಹೊರಟರೆ ತಂತಿಯ ಮಾತು ಬರುತ್ತದೆ, ತಂತಿ ಎಂದರೆ ಕೊಟ್ಟ ಕೈಯ ಮಾತು ಬರುತ್ತದೆ. ಅದೊಂದು ಅವಳಿಗೆ ತಾಗಬಾರದೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಅಪಘಾತವಾದ ಮೇಲೆ ಎಡಗಡೆಯನ್ನು ಗ್ಯಾರೇಜಿನವರು ಸರಿಮಾಡಿದ್ದರು. ಕಾರು ಮಾರುವ ಮುಂಚೆ ಬಲಗಡೆಯ ಸವೆದ ಕೀಲನ್ನು ತಾನೇ ಬದಲಾಯಿಸುವೆನೆಂದು ಮೇಷ್ಟ್ರು ಹಟ ಹಿಡಿದರು. ಇವತ್ತು ನೀನು ಬರಬೇಡ ಎಂದರೂ ಅವಳು ಮಣೆ ತಂದು ಕೂತಳು. ಪಿನ್ನನ್ನು ಸದ್ದಿಲ್ಲದೆ ಜೇಬಿಗೆ ಹಾಕಿಕೊಂಡರಾಯಿತು ಎಂದುಕೊಂಡಿದ್ದರು. ಕೈ ಮರೆಯಿತು.

ನಟ್ಟು ಬಿಚ್ಚಿ, ನಾಲ್ಕು ಪೆಟ್ಟು ಕೊಟ್ಟು ಕೀಲು ಬಿಡಿಸಿದರು. ಹಳೆಯದನ್ನು ಎಷ್ಟು ಸುತ್ತು ತಿರುಗಿಸಿ ತೆಗೆಯುತ್ತೇವೋ ಹೊಸದನ್ನೂ ಅಷ್ಟೇ ಸುತ್ತು ಕೂರಿಸಬೇಕು, ಇಲ್ಲದಿದ್ದರೆ ಚಕ್ರ ಸೊಟ್ಟಗಾಗುತ್ತದೆ. ಎಣಿಸುವುದು ಅವಳ ಕೆಲಸ. ಒಂದು, ಎರಡು ಎಂದು ಶುರುಮಾಡಿದವಳು ಏಳಕ್ಕೆ ನಿಲ್ಲಿಸಿ ಬಟ್ಟಲಿನ ಪಿನ್ನನ್ನು ನೋಡಿದಳು.

"ರೀ, ಆವತ್ತು ತಂತಿ ಹಾಕಿದ್ರಲ್ಲ, ಅದು ಇದರ ಬದಲಿಗಾ?"

ಮೇಷ್ಟ್ರು ತಿರುಗಿಸುತ್ತಲೇ ಇದ್ದರು. ಎಂಟೋ, ಒಂಬತ್ತೋ.

"ಅದನ್ನ ಮಾರನೇ ದಿನಾನೇ ತೆಗೆದುಬಿಟ್ಟೆ ಕಣೇ. ಪಿನ್ನೇ ಹಾಕಿದ್ದೆ."

"ಯಾವಾಗ?"

"ನೀನು ಅಮ್ಮನ ಮನೆಗೆ ಹೋಗಿದ್ಯಲ್ಲ, ಆಗ."

ಆ ವಾರವೆಲ್ಲ ಅವಳ ತಮ್ಮ ಇವರ ಮನೆಯಲ್ಲೇ ಇದ್ದ. ಅವಳು ಹೊಸಿಲು ದಾಟಿರಲಿಲ್ಲ. ತರಗತಿಯಲ್ಲಿ ಮಕ್ಕಳ ಸುಳ್ಳನ್ನು ಮೂಸಿಯೇ ಹಿಡಿಯುವ ಮೇಷ್ಟ್ರಿಗೆ ಸ್ವಂತಕ್ಕೊಂದು ಸುಳ್ಳು ಹೆಣೆಯಲು ಬರಲಿಲ್ಲ.

ಅವಳು ಪಿನ್ನನ್ನು ಅಂಗೈಗೆ ಸುರಿದುಕೊಂಡು ಅದರ ಕಾಲುಗಳನ್ನು ಬಗ್ಗಿಸಲು ನೋಡಿದಳು. ಉಗುರು ನೊಂದಿತೇ ಹೊರತು ಅದು ಬಗ್ಗಲಿಲ್ಲ. ಆ ತಂತಿ ಬೆರಳಲ್ಲೇ ಬಗ್ಗುತ್ತಿತ್ತು ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ.

ಮೇಷ್ಟ್ರು ತೆವಳಿಕೊಂಡು ಹೊರಬಂದರು. ಕೈತುಂಬ ಗ್ರೀಸು, ಅವಳ ಭುಜ ಮುಟ್ಟಹೋದವರು ಹಾಗೇ ತಡೆದುಕೊಂಡರು.

"ಸರಿ, ತಂತೀನೇ ಇತ್ತು. ಹಾಕಿದ್ದು ನಾನು. ಕೇಳಿದ್ದು ಕೊಟ್ಟೆ ನೀನು, ನಿನಗೇನು ಗೊತ್ತು ಅದು ಯಾತಕ್ಕೆ ಅಂತ? ಇದು ಪೂರ್ತಿ ನಂದು. ನನಗೇ ಬಿಟ್ಟುಬಿಡು."

"ನಿಮಗೊಬ್ರಿಗೇ ಬಿಡಲ್ಲ," ಎಂದಳು ಅವಳು.