ಸಮುದ್ರಕ್ಕೆ ತೆರೆದ ಬಾಗಿಲು

ಬಡಗಿಯದು ಉಡದ ಪಟ್ಟು. ನಕ್ಷೆಯೊಂದನ್ನು ತರಿಸಿಕೊಂಡು, ಹಿತ್ತಲಲ್ಲಿ ಜೋಡಿದೋಣಿ ಕಟ್ಟುತ್ತೇನೆಂದು ಕೂತವನು ಆರು ವರ್ಷ ಏಳಲಿಲ್ಲ. ಅಕ್ಕಪಕ್ಕ ಎರಡು ಉದ್ದನೆಯ ದೋಣಿಗಳು, ಎರಡನ್ನೂ ಬೆಸೆಯುವ ಅಡ್ಡತೊಲೆಗಳು, ಅವುಗಳ ಮೇಲೊಂದು ಅಟ್ಟಣೆ, ಹಾಯಿ. ಗಂಡಹೆಂಡತಿ ಅದರಲ್ಲೇ ಉಂಡು ಮಲಗಿ ದಡದುದ್ದಕ್ಕೂ ತಿರುಗಬೇಕೆಂಬುದು ಆಸೆ. "ನೀರಿಗಿಳಿಸೋ ದಿನ ಹೇಳಿಕಳಿಸಿ, ಮುಳುಗೋದನ್ನ ನೋಡೋಕೆ ಬರ್ತೀನಿ," ಎಂದು ಹೆಂಡತಿಯ ಅಣ್ಣ ಬಂದಾಗಲೆಲ್ಲ ಚುಚ್ಚುತ್ತಿದ್ದ.

ಹೆಂಡತಿ ಬಟ್ಟೆ ಹೊಲಿಯುವವಳು. ಹಾಯಿಯನ್ನೂ ಅವಳೇ ಹೊಲಿದಿದ್ದಳು. ದೋಣಿಗಳನ್ನು ತೊಲೆಗೆ ಬಿಗಿಯುವ ಹಿಂದಿನ ದಿನ, ಹಾಸಿಗೆಯ ಅಳತೆಗೆಂದು ಟೇಪು ಹಿಡಿದು ಬಂದವಳು ಎರಡರ ನಡುವೆ ನಿಂತೇಬಿಟ್ಟಳು.

"ರೀ, ಇವೆರಡೂ ಒಂದೇ ಕೈಯ ತೋಳು."

"ಏನಂದೆ?"

"ಬಾಗಿಲು ಎರಡೂ ಬಲಕ್ಕಿವೆ. ಒಂದು ಅಟ್ಟಣೆಗೆ ತೆರೆಯುತ್ತೆ. ಇನ್ನೊಂದರಿಂದ ಹೊರಗೆ ಕಾಲಿಟ್ರೆ ನೇರ ಮೀನಿನ ಮನೆಗೇ."

ನಕ್ಷೆಯಲ್ಲಿದ್ದದ್ದು ಒಂದೇ ದೋಣಿ. ಇನ್ನೊಂದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮಾಡಬೇಕೆಂದು ಮೂಲೆಯಲ್ಲಿ ಬರೆದಿತ್ತು. ಒಂದೇ ಅಳತೆಯಲ್ಲಿ ಸಾವಿರ ಬಾಗಿಲು ಮಾಡಿದ ಕೈ, ಎರಡನೆಯದನ್ನೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಮೊದಲಿನಂತೆಯೇ ಮಾಡಿತ್ತು.

"ನಕ್ಷೆ ಬರೆದವನಿಗೆ ಬುದ್ಧಿ ಬೇಡ್ವಾ?" ಎಂದ ಬಡಗಿ. ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರ ಪೈಕಿ ಅವನು. ಆದರೆ ಸ್ವಲ್ಪ ಹೊತ್ತಿಗೇ ಹಲಗೆಗಳ ರಾಶಿಯ ಮೇಲೆ ಕುಸಿದು ಕೂತ. "ಒಡೆದು ಸೌದೆ ಮಾಡೋಣ. ನಿಮ್ಮಣ್ಣನಿಗೂ ಸಮಾಧಾನ ಆಗುತ್ತೆ."

ಅವಳಿಗೆ ರೇಗಿಹೋಯಿತು. ಆ ಆರು ವರ್ಷ ಅವಳದೂ ಅಲ್ಲವೇ?

"ತೋಳು ತಪ್ಪಿದ್ರೆ ಅಂಗಿ ಸುಡ್ತಾರೇನ್ರೀ? ಬಿಚ್ಚಿ ಹೊಲೀತಾರೆ. ಆ ಇನ್ನೊಂದು ದೋಣಿಗೆ ಎಡಗಡೆ ಹೊಸ ಬಾಗಿಲು ಕೊಯ್ಯಿರಿ. ಕೊಯ್ದ ಹಲಗೇನ ತಿರುಗಿಸಿ ಬಲಗಡೆಗೆ ತೇಪೆ ಹಾಕೋಣ."

"ನಲವತ್ತು ವರ್ಷದಲ್ಲಿ ನಾನು ತೇಪೆ ಹಾಕಿಲ್ಲ."

"ನಾನು ದಿನಾ ಹಾಕ್ತೀನಿ. ಏಳಿ."

ಅವನು ಕೊಯ್ದ. ಅಂಚು ಹೆರೆದು, ಅಂಟು ಬಳಿದು, ಹಲಗೆ ಕೂರಿಸಿದ. ಅದರ ಮೇಲೆ ನೀರು ತಡೆಯುವ ಗಾಜಿನ ನಾರಿನ ಬಟ್ಟೆಯನ್ನು ಒಂದು ಸುಕ್ಕಿಲ್ಲದಂತೆ ಹಾಸಿದವಳು ಅವಳು. ಉಜ್ಜಿ ಬಣ್ಣ ಬಳಿಯುವಾಗ ಅವನು ಪಿಸುಗುಟ್ಟಿದ: "ಯಾರಿಗೂ ಹೇಳ್ಬೇಡ."

ನೀರಿಗಿಳಿಸಿದ ದಿನ ದಡದ ತುಂಬ ಜನ. ಅವಳಿಗೆ ಜನ ಬೇಕಿರಲಿಲ್ಲ. ಒಳಗೆ ಕುಕ್ಕರಗಾಲಲ್ಲಿ ಕೂತು ತೇಪೆಯ ಮೇಲೆ ಅಂಗೈ ಇಟ್ಟು, ಜೀವ ಕೈಯಲ್ಲಿ ಹಿಡಿದು ಕಾದಳು. ಅಲೆ ಹೊರಗಿನಿಂದ ಬಡಿಯುತ್ತಲೇ ಇತ್ತು. ಗಂಟೆ ಕಳೆಯಿತು. ಅಂಗೈ ಒಣಗಿಯೇ ಇತ್ತು. ದೋಣಿ ಮೇಜಿನಂತೆ ಸಮವಾಗಿ ನಿಂತಿತ್ತು.

ಅಷ್ಟರಲ್ಲಿ ಗಂಡ ಅವಳ ಅಣ್ಣನನ್ನು ಕೈಹಿಡಿದು ಒಳಗೆ ಕರೆತಂದ.

"ಭಾವ, ಇಲ್ಲೊಂದು ತೇಪೆ ಇದೆ. ಹುಡುಕಿ."

ಅಣ್ಣ ಕನ್ನಡಕ ಏರಿಸಿದ, ಬೆರಳಾಡಿಸಿದ, ಮಂಡಿಯೂರಿದ. ಸಿಗಲಿಲ್ಲ.

"ನಿಮ್ಮ ತಂಗಿ ಹಾಕಿದ್ದು," ಎಂದ ಬಡಗಿ, ದಡದವರಿಗೂ ಕೇಳುವಂತೆ. "ನಾನು ಸೌದೆ ಮಾಡೋನಿದ್ದೆ. ಇವತ್ತು ಇದು ತೇಲ್ತಾ ಇರೋದು ಇವಳಿಂದ."

ಮೂವತ್ತು ವರ್ಷದ ಸಂಸಾರದಲ್ಲಿ ತವರಿನವರ ಮುಂದೆ ಅವನು ಅವಳನ್ನು ಹೊಗಳಿದ್ದು ಅದೇ ಮೊದಲು. ಅವಳಿಗೆ ನಗು ಬಂತು.

"ಅಣ್ಣಾ, ಇಳೀತೀಯೋ, ಬರ್ತೀಯೋ? ಹಗ್ಗ ಬಿಚ್ತಿದ್ದೀನಿ."

ಅಣ್ಣ ಚಪ್ಪಲಿ ಕಳಚಿಟ್ಟು ಅಲ್ಲೇ ಕೂತ. ಅವಳು ಮೇಲೆ ಹೋಗಿ ಹಾಯಿ ಎತ್ತಿದಳು.