ಎರಡು ಬೆರಳಷ್ಟು ಗಿಡ್ಡ

ಸೋಮವಾರ ಬೆಳಿಗ್ಗೆ ಎಡೆಲ್ಮಿರಾ ತನ್ನ ಸೈಕಲ್ ಅಂಗಡಿಯ ಕಬ್ಬಿಣದ ಬಾಗಿಲನ್ನು ಅರ್ಧಕ್ಕೇ ಎತ್ತಿ ನಿಲ್ಲಿಸಿದಳು. ಪೂರ್ತಿ ಎತ್ತಿದರೆ ಎದುರಿನ ಬೇಕರಿಯವಳು ಕೈಬೀಸಿ, "ನಿನ್ನೆ ಮಗಳಿಗೆ ತುಂಬಾ ಪೆಟ್ಟಾಯ್ತಾ?" ಎಂದು ಕೇಳದೆ ಬಿಡುವವಳಲ್ಲ. ಕೇಳಿದರೆ ಹೇಳುವ ಮಾತೇನೋ ಸಿದ್ಧವಿತ್ತು. ನಿನ್ನೆಯಿಂದ ಎಲ್ಲರಿಗೂ ಅದನ್ನೇ ಹೇಳುತ್ತ ಬಂದಿದ್ದಳು: "ಪೆಟ್ಟು ಅಷ್ಟೇನಿಲ್ಲ. ತಿರುವು ಅಂದ್ರೆ ಅವಳಿಗೆ ಭಯ, ಅಷ್ಟೇ." ಇವತ್ತು ಮಾತ್ರ ಮತ್ತೊಮ್ಮೆ ಹೇಳಲು ಮನಸ್ಸಿರಲಿಲ್ಲ.

ಮಗಳ ಸೈಕಲ್ಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಸೋಪುನೀರಿನಲ್ಲಿ ಬ್ರಷ್ ಅದ್ದಿ, ಕೆರೆದಂಡೆಯ ರಸ್ತೆಯ ಕೆಸರನ್ನು ಉಜ್ಜತೊಡಗಿದಳು. ಹಿಂದಿನ ಚಕ್ರವನ್ನು ಒಮ್ಮೆ ಜೋರಾಗಿ ತಿರುಗಿಸಿಬಿಟ್ಟು, ಮುಂದಕ್ಕೆ ಬಗ್ಗಿ, ಹ್ಯಾಂಡಲಿನ ಬುಡಕ್ಕೆ ಬ್ರಷ್ ತಾಗಲೆಂದು ಅದನ್ನು ಎಡಕ್ಕೆ ಸರಿಸಿದಳು. ಗರಗರ ತಿರುಗುತ್ತಿದ್ದ ಚಕ್ರ ಗಕ್ಕನೆ ನಿಂತಿತು.

ಕಡ್ಡಿಗಳ ನಡುವೆ ಏನಾದರೂ ಸಿಕ್ಕಿರಬೇಕೆಂದು ಬಗ್ಗಿ ನೋಡಿದಳು. ಏನೂ ಇರಲಿಲ್ಲ. ಹ್ಯಾಂಡಲನ್ನು ನೆಟ್ಟಗೆ ಮಾಡಿದಳು, ಚಕ್ರ ಸಡಿಲವಾಯಿತು. ಮತ್ತೆ ಎಡಕ್ಕೆ ಹೊರಳಿಸಿದಳು. ಅರ್ಧ ಹೊರಳುವಷ್ಟರಲ್ಲಿ ಹ್ಯಾಂಡಲ್ ತಡೆದು ನಿಂತಿತು, ಹಿಂದಿನ ಬ್ರೇಕಿನ ಎರಡೂ ರಬ್ಬರುಗಳು ಚಕ್ರವನ್ನು ಕಚ್ಚಿದವು. ಹ್ಯಾಂಡಲಿನ ಹೊಟ್ಟೆಯಿಂದ ಹೊರಬಂದು ಸೈಕಲ್ಲಿನ ಮೈಯೊಳಗೆ ಇಳಿಯುವ ಬ್ರೇಕ್ ವೈರಿನ ಕರಿ ಕೊಳವೆ, ಬಟ್ಟೆ ಒಣಹಾಕುವ ಹಗ್ಗದಂತೆ ಬಿಗಿದು ನಿಂತಿತ್ತು.

ಎಡೆಲ್ಮಿರಾ ಬ್ರಷ್ಷನ್ನು ಬಕೆಟ್ಟಿಗೆ ಬಿಟ್ಟು ಮಣೆಯ ಮೇಲೆ ಕುಳಿತಳು. ಯಾರೂ ಹೇಳಬೇಕಾಗಿರಲಿಲ್ಲ. ಕೊಳವೆ ಎರಡು ಬೆರಳಷ್ಟು ಗಿಡ್ಡವಾಗಿತ್ತು. ಅದನ್ನು ಕತ್ತರಿಸಿದವಳು ಅವಳೇ.

ಪಾಯಿಪಾ ಊರಿನ ಆ ಕೆರೆಯ ಸುತ್ತ ಈಜಿ, ಸೈಕಲ್ ತುಳಿದು, ಓಡುವ ಟ್ರಯಥ್ಲಾನ್ ಮಂದಿಗೆಲ್ಲ ಎಡೆಲ್ಮಿರಾಳ ಅಂಗಡಿ ಗೊತ್ತು. ಅವರ ಸೈಕಲ್ಲುಗಳ ಹ್ಯಾಂಡಲ್ಲೇ ಬೇರೆ. ಗಾಳಿ ಸೀಳಿಕೊಂಡು ಹೋಗಲು ಮೊಣಕೈ ಊರಿ ಹಿಡಿಯುವ ಎರಡು ಕೊಂಬುಗಳು ಮುಂದಕ್ಕೆ ಚಾಚಿರುತ್ತವೆ. ಕೊಂಬಿನ ತುದಿಯಲ್ಲಿ ಗೇರು, ಪಕ್ಕದ ರೆಕ್ಕೆಗಳ ತುದಿಯಲ್ಲಿ ಬ್ರೇಕು. ಅವುಗಳ ವೈರುಗಳೆಲ್ಲ ಟೊಳ್ಳು ಕೊಳವೆಗಳ ಒಳಗೇ ನುಸುಳಿ, ಸೈಕಲ್ಲಿನ ಮೈಯೊಳಗೇ ಮರೆಯಾಗಬೇಕು. ಎಡೆಲ್ಮಿರಾ ಹೊಲಿಗೆ ದಾರದ ತುದಿಗೆ ಚೂರು ಹತ್ತಿ ಕಟ್ಟಿ ಕೊಂಬಿನ ಒಂದು ಬಾಯಿಗಿಟ್ಟು, ಇನ್ನೊಂದು ಬಾಯಿಗೆ ಕಸ ಹೀರುವ ಯಂತ್ರ ಹಿಡಿಯುತ್ತಿದ್ದಳು. ದಾರ ಸುಯ್ಯೆಂದು ಈಚೆ ಬರುತ್ತಿತ್ತು, ದಾರದ ಹಿಂದೆ ವೈರು. ಮುಂದುಗಡೆ ಒಂದೂ ವೈರು ಕಾಣದ ಸೈಕಲ್ಲನ್ನು ಆ ಕಡೆಯವರು 'ಬೋಳು' ಎನ್ನುತ್ತಿದ್ದರು. ಎಡೆಲ್ಮಿರಾಳಷ್ಟು ಚೆನ್ನಾಗಿ ಬೋಳು ಮಾಡುವವರು ಇಲ್ಲವೆಂದು ದೂರದ ತುಂಹಾ ಪಟ್ಟಣದಿಂದಲೂ ಜನ ಬರುತ್ತಿದ್ದರು.

ಬೋಳು ಮಾಡಲು ಒಂದು ನೇಮವಿತ್ತು. ಕೊಳವೆ ಕತ್ತರಿಸುವ ಮೊದಲು, ಹ್ಯಾಂಡಲ್ ಅಲುಗದಂತೆ ಕಟ್ಟಿದ ಪಟ್ಟಿ ಬಿಚ್ಚಿ, ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ಹೊರಳಿಸಿ ನೋಡಬೇಕು. ಆಮೇಲೂ ಎರಡು ಬೆರಳು ಹೆಚ್ಚಿಗೆ ಬಿಡಬೇಕು. ಕಲಿಯಲು ಬಂದವರಿಗೆಲ್ಲ ಅವಳು ಮೊದಲು ಕಲಿಸುತ್ತಿದ್ದದ್ದೇ ಇದನ್ನು.

ತಿಂಗಳ ಹಿಂದೆ ಮಗಳು ನಿದಿಯಾಳ ಸೈಕಲ್ಲಿಗೆ ಕೊಂಬು ಕೂಡಿಸಿದ ದಿನ ಊರವರು ಗೌರವದಿಂದ 'ದೋನ್' ಎನ್ನುವ ಔಷಧದಂಗಡಿಯ ಎವಾರಿಸ್ಟೊ ಕಂಬಳಿ ಹೊದ್ದು ಇದೇ ಮಣೆಯ ಮೇಲೆ ಕೂತಿದ್ದ. ಅರವತ್ತರ ಹತ್ತಿರ ಟ್ರಯಥ್ಲಾನಿನ ಹುಚ್ಚು ಹತ್ತಿಸಿಕೊಂಡ ಮನುಷ್ಯ. ಕೆಲಸಕ್ಕಿಂತ ಬಾಯಿ ಮುಂದು. ಹ್ಯಾಂಡಲಿನ ಮುಂದೆ ಇನ್ನೂ ಕಾಣುತ್ತಿದ್ದ ಕೊಳವೆಯ ಬಾಗಿನತ್ತ ಬೆರಳು ಮಾಡಿದ.

"ಎಡೆಲ್ಮಿರಕ್ಕಾ, ಆ ಒಂದು ಜುಟ್ಟು ಇನ್ನೂ ಕಾಣ್ತಾ ಇದೆಯಲ್ಲ! ದುಯಿತಾಮದಲ್ಲಿ ಹೊಸಬನೊಬ್ಬ ಅಂಗಡಿ ಹಾಕಿದಾನಂತೆ, ಅವನು ಮಾಡಿದ್ರಲ್ಲಿ ಇಷ್ಟೂ ಕಾಣಲ್ವಂತೆ."

"ಆ ಮೊನ್ನೆ ಮೊನ್ನೆ ಮೀಸೆ ಬಂದೋನಾ?" ಎಂದಳು ಎಡೆಲ್ಮಿರಾ. ಹ್ಯಾಂಡಲನ್ನು ನೆಟ್ಟಗೆ ಕಟ್ಟಿದ ಪಟ್ಟಿಯನ್ನು ಬಿಚ್ಚಲೇ ಇಲ್ಲ. ಕತ್ತರಿ ತೆಗೆದುಕೊಂಡು ಕಚಕ್ಕೆಂದು ಎರಡು ಬೆರಳು ತುಂಡರಿಸಿದಳು. ಜುಟ್ಟು ಮಾಯವಾಯಿತು. ಎವಾರಿಸ್ಟೊ ಚಪ್ಪಾಳೆ ತಟ್ಟಿ, ತನ್ನದನ್ನೂ ಹಾಗೇ ಮಾಡಿಕೊಡಬೇಕೆಂದು ಅಲ್ಲೇ ಹಟ ಹಿಡಿದ. ಅದನ್ನೂ ಮಾಡಿಕೊಟ್ಟಳು.

ಆ ಸಂಜೆ ನಿದಿಯಾ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದು, "ಅಮ್ಮಾ, ಎಡಕ್ಕೆ ತಿರುಗಿಸುವಾಗ ಹ್ಯಾಂಡಲ್ ಒಂಥರಾ ಹಿಡಿಯುತ್ತೆ," ಎಂದಿದ್ದಳು.

"ಹೊಸ ವೈರು ಕಣೇ, ಪಳಗುತ್ತೆ. ಮೊದಲು ನೀನು ಪಳಗು."

ಎವಾರಿಸ್ಟೊ ಹೊಟ್ಟೆ ಹಿಡಿದು ನಕ್ಕಿದ್ದ. ಅವನು ನಕ್ಕದ್ದು ಆಗ ಎಡೆಲ್ಮಿರಾಳಿಗೆ ಹಿತವಾಗಿಯೇ ಇತ್ತು. ಮಗಳು ಆಮೇಲೆ ಆ ಮಾತೆತ್ತಲಿಲ್ಲ.

ನಿನ್ನೆ ಕೆರೆದಂಡೆಯ ಸ್ಪರ್ಧೆಯಲ್ಲಿ, ಕಿತ್ತಳೆ ಬಣ್ಣದ ಕೋನ್ ಸುತ್ತಿ ವಾಪಸಾಗುವ ಜಾಗದಲ್ಲಿ, ನಿದಿಯಾ ಎಲ್ಲರಿಗಿಂತ ಮುಂದಿದ್ದಳು. ಹ್ಯಾಂಡಲ್ ತಿರುಗಿಸಿದಳು, ಸೈಕಲ್ ಅರ್ಧ ತಿರುಗಿ ತಡೆದಂತಾಯಿತು, ದೊಪ್ಪನೆ ಬಿದ್ದಳು. ಹಗ್ಗದಾಚೆ ನಿಂತಿದ್ದ ಎಡೆಲ್ಮಿರಾಳಿಗೆ ಮಗಳ ಮೊಣಕೈಯ ರಕ್ತಕ್ಕಿಂತ ಮೊದಲು ಸುತ್ತ ನಿಂತ ಗಿರಾಕಿಗಳ ಮುಖ ಕಂಡಿತು.

"ಕಣ್ಣೆಲ್ಲಿತ್ತೇ ನಿಂಗೆ? ತಿರುವಲ್ಲಿ ಮುಂದೆ ನೋಡು, ಮುಂದೆ ನೋಡು ಅಂತ ಎಷ್ಟು ಸಲ ಬಡ್ಕೊಂಡಿದೀನಿ! ಅಂಜುಬುರುಕಿ!"

ನಿದಿಯಾ ಟಾರಿನ ಮೇಲೆ ಕೂತಲ್ಲೇ ತಾಯಿಯ ಮುಖ ನೋಡಿ, "ತಪ್ಪಾಯ್ತಮ್ಮಾ," ಎಂದಳು. ತರಬೇತಿ ಕೊಡುವ ಮಾರ್ಲೆನ್ ಪಕ್ಕದಲ್ಲೇ ಇದ್ದಳು. ಪ್ರಾಂತ್ಯದ ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. "ತಾಯಿಯೇ ಹೀಗಂದ ಮೇಲೆ ನಾನೇನು ಹೇಳ್ಲಿ? ತಿರುವಿಗೆ ಹೆದರೋಳನ್ನ ತಂಡಕ್ಕೆ ಹಾಕೋಕಾಗಲ್ಲ," ಎಂದು ಅವಳು ಹೊರಟುಹೋಗಿದ್ದಳು.

ಇದೆಲ್ಲ ಈಗ ಎಡೆಲ್ಮಿರಾಳ ಮೈಮೇಲೆ ಬಿಸಿನೀರು ಸುರಿದ ಹಾಗಾಯಿತು. ಕಿವಿ ಸುಟ್ಟವು. ಅಷ್ಟರಲ್ಲೇ ಇನ್ನೊಂದು ಯೋಚನೆಯೂ ಬಂತು: ಹೊಸ ಕೊಳವೆ ಹಾಕಲು ಎಷ್ಟು ಹೊತ್ತು? ಒಂದು ಲೋಟ ಬಿಸಿ ಬೆಲ್ಲದ ನೀರು ಆರುವಷ್ಟು ಹೊತ್ತು. ಹಳೆಯದನ್ನು ಕಸಕ್ಕೆ ಹಾಕಿದರೆ ಯಾರಿಗೆ ತಿಳಿಯುತ್ತದೆ? ಆ ಯೋಚನೆ ಮುಗಿಯುವ ಮೊದಲೇ ಅವಳ ಕೈ ಕೆಲಸ ಶುರು ಮಾಡಿತ್ತು. ವೈರು ಸಡಿಲಿಸಿ ಎಳೆದಳು, ಗಿಡ್ಡ ಕೊಳವೆಯನ್ನು ಕಿತ್ತಳು, ದಾರಕ್ಕೆ ಹತ್ತಿ ಕಟ್ಟಿದಳು.

ಬಾಗಿಲಡಿ ಬಗ್ಗಿ ನಿದಿಯಾ ಒಳಗೆ ಬಂದಳು. ಮೊಣಕೈಗೆ ಬಿಳಿ ಪಟ್ಟಿ, ಕೈಯಲ್ಲಿ ಎರಡು ಲೋಟ ಬೆಲ್ಲದ ನೀರು, ಒಂದೊಂದರಲ್ಲೂ ಆ ಕಡೆಯ ರೂಢಿಯಂತೆ ಮುಳುಗಿಸಿದ ಚೀಸಿನ ತುಂಡು. ಎಡೆಲ್ಮಿರಾ ತಟ್ಟನೆ ಗಿಡ್ಡ ಕೊಳವೆಯನ್ನು ಏಪ್ರನ್ನಿನ ಜೇಬಿಗೆ ತುರುಕಿದಳು.

"ಏನಮ್ಮಾ ಬಿಚ್ತಾ ಇದೀಯ?"

"ಕೆಸರು ಹೊಕ್ಕಿದೆ."

"ಬಿಡು. ನಾನಿನ್ನು ಇದನ್ನ ಓಡಿಸಲ್ಲ." ನಿದಿಯಾ ಲೋಟವನ್ನು ತಾಯಿಯ ಪಕ್ಕ ಇಟ್ಟಳು. "ನಂಗೆ ತಂಡನೂ ಬೇಡ. ನಿನ್ನ ಅಂಗಡಿ ಹೆಸರು ಬೆನ್ನ ಮೇಲೆ ಹಾಕ್ಕೊಂಡು ಎಲ್ಲರ ಮುಂದೆ ಬಿದ್ದೆನಲ್ಲ, ಅಷ್ಟೇ ಸಾಕು. ಜನ ಆಡ್ಕೊಳ್ಳೋದು ನಿನ್ನನ್ನ."

"ಯಾರೂ ಆಡ್ಕೊಂಡಿಲ್ಲ."

"ನೀನೇ ಆಡಿದೆಯಲ್ಲ," ಎಂದಳು ನಿದಿಯಾ. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವಂತೆ.

ಎಡೆಲ್ಮಿರಾ ದಾರದ ತುದಿಯ ಹತ್ತಿಯನ್ನು ಮತ್ತೆ ಬಿಗಿದಳು. ಈ ಹುಡುಗಿ ಚಿಕ್ಕವಳಿದ್ದಾಗ ಜ್ವರ ಬಂದರೆ ರಾತ್ರಿಯೆಲ್ಲ ತೊಡೆಯ ಮೇಲೆ ಹಾಕಿಕೊಂಡು ಕೂತವಳು ತಾನು. ಒಂದು ಮಾತು ಹೇಳಲಾಗುತ್ತಿಲ್ಲವಲ್ಲ ಎಂದುಕೊಂಡಳು. ಜೇಬಿನಲ್ಲಿದ್ದ ಕೊಳವೆ ಸೊಂಟಕ್ಕೆ ಚುಚ್ಚುತ್ತಿತ್ತು. ಮುಖ ಮರೆಸಿಕೊಳ್ಳಲು ಬಗ್ಗಿ ದಾರವನ್ನು ಹ್ಯಾಂಡಲಿನ ಬಾಯಿಗಿಟ್ಟಳು. ಯಂತ್ರ ಹಾಕಿದಳು. ದಾರ ಅರ್ಧ ದಾರಿಯಲ್ಲೇ ಸಿಕ್ಕಿಕೊಂಡಿತು.

ಅಷ್ಟರಲ್ಲಿ ಬಾಗಿಲು ದಡಾರನೆ ಪೂರ್ತಿ ಮೇಲೇರಿತು. ದೋನ್ ಎವಾರಿಸ್ಟೊ ತನ್ನ ಬೋಳು ಸೈಕಲ್ಲನ್ನು ತಳ್ಳಿಕೊಂಡು ಬಂದಿದ್ದ.

"ಏನಕ್ಕಾ, ಅಂಗಡಿಗೆ ಇವತ್ತು ಅರ್ಧ ಕಣ್ಣಾ? ಓಹೋ, ತಿರುವಿನ ಮಹಾರಾಣಿನೂ ಇಲ್ಲೇ ಇದಾಳೆ! ಏನಮ್ಮಾ ನಿದಿಯಾ, ಮುಂದಿನ ಸಲ ನಿನಗೋಸ್ಕರ ನೆಟ್ಟಗಿರೋ ರಸ್ತೆ ಹುಡುಕಿಸೋಣ. ವಾಪಸ್ ಬರೋಕೆ ಬಸ್ಸು."

ನಿದಿಯಾ ನಕ್ಕಳು. ಆ ನಗುವನ್ನು ಎಡೆಲ್ಮಿರಾಳಿಂದ ನೋಡಲಾಗಲಿಲ್ಲ. ತಪ್ಪು ಮಾಡದವರು ತಪ್ಪನ್ನು ಒಪ್ಪಿಕೊಂಡು ನಗುವ ನಗು ಅದು. ಅವಳಿಗೆ ಅದನ್ನು ಕಲಿಸಿದ್ದು ತಾನೇ.

ಎಡೆಲ್ಮಿರಾ ಯಂತ್ರ ಆರಿಸಿ, ಜೇಬಿನಿಂದ ಕೊಳವೆ ತೆಗೆದು ಮಣೆಯ ಮೇಲಿಟ್ಟಳು.

"ಅವಳು ಹೆದರಿ ಬಿದ್ದಿಲ್ಲ, ದೋನ್ ಎವಾರಿಸ್ಟೊ. ಇದು ಎಳೆದು ಬೀಳಿಸಿದ್ದು. ಎರಡು ಬೆರಳು ಗಿಡ್ಡ ಕತ್ತರಿಸಿದೀನಿ. ಹ್ಯಾಂಡಲ್ ಹೊರಳಿಸಿ ನೋಡಲೇ ಇಲ್ಲ. ನೀವು ಜುಟ್ಟು ಅಂದ್ರಿ, ನಂಗೆ ಜಂಭ ಬಂತು."

"ನಾನೇನೋ ತಮಾಷೆಗೆ..."

"ನೀವಂದದ್ದು ತಮಾಷೆ. ಕತ್ತರಿಸಿದ್ದು ನಾನು."

ಎವಾರಿಸ್ಟೊ ಕೊಳವೆಯನ್ನು ನೋಡಿದ, ತನ್ನ ಸೈಕಲ್ಲನ್ನು ನೋಡಿದ. ಹ್ಯಾಂಡಲನ್ನು ಮೆಲ್ಲಗೆ ಎಡಕ್ಕೆ ಹೊರಳಿಸಿದ. ಅರ್ಧಕ್ಕೆ ನಿಂತಿತು. ಅವನ ಕೆನ್ನೆ ಕೆಂಪೇರಿತು.

"ಹಾಗಾದ್ರೆ ಇದು ನನ್ನ ವಯಸ್ಸಲ್ವಾ?" ಎಂದ. "ಅಯ್ಯೋ, ಒಂದು ತಿಂಗಳಿಂದ ತಿರುವು ಬಂದಲ್ಲೆಲ್ಲ ಇಳಿದು ತಳ್ತಾ ಇದೀನಕ್ಕಾ! ನೋಡಿದವರಿಗೆಲ್ಲ ಕಾಲು ಸಡಿಲ ಮಾಡ್ಕೊತಿದೀನಿ ಅಂತ ಸುಳ್ಳು ಹೇಳ್ತಿದ್ದೆ."

ಬೇರೆ ದಿನವಾಗಿದ್ದರೆ ಮೂವರೂ ನಗುತ್ತಿದ್ದರು. ನಿದಿಯಾ ಕೊಳವೆಯನ್ನು ಕೈಗೆತ್ತಿಕೊಂಡು, ಬೆರಳಿಗೆ ಸುತ್ತಿ ಬಿಚ್ಚಿ, ತಾಯಿಯ ಕಡೆ ನೋಡದೆ ಕೇಳಿದಳು: "ನಾನು ಬಂದಾಗ ಇದು ಜೇಬಲ್ಲಿತ್ತಾ?"

"ಇತ್ತು."

"ಕೆಸರು ಅಂದೆ."

"ಅಂದೆ."

"ಹಿಡಿಯುತ್ತೆ ಅಂತ ನಾನು ಆವತ್ತೇ ಹೇಳಿದ್ದೆ."

"ಹೇಳಿದ್ದೆ ಕಂದಾ. ನಾನು ಕೇಳಿಸ್ಕೊಳ್ಳಲಿಲ್ಲ."

ನಿದಿಯಾ ಕೊಳವೆಯನ್ನು ಮತ್ತೆ ಮಣೆಯ ಮೇಲಿಟ್ಟಳು. ಬೈದಿದ್ದರೆ ಎಡೆಲ್ಮಿರಾಳಿಗೆ ಸಮಾಧಾನವಾಗುತ್ತಿತ್ತು. ಅವಳು ಸೋಪಿನ ಕೈಯಲ್ಲೇ ಫೋನು ತೆಗೆದು ಮಾರ್ಲೆನಳಿಗೆ ಕರೆ ಮಾಡಿದಳು. ಎವಾರಿಸ್ಟೊನ ಎದುರೇ, ಬೇಕರಿಯವಳು ಬಾಗಿಲಿಗೆ ಬಂದು ಕಿವಿಗೊಟ್ಟದ್ದು ಕಂಡೂ, ಎಲ್ಲವನ್ನೂ ಹೇಳಿದಳು. ಹೇಳುವಾಗ ಒಮ್ಮೆ ದನಿ ಸಣ್ಣದಾಯಿತು. ಕೆಮ್ಮಿ ಮತ್ತೆ ದೊಡ್ಡದು ಮಾಡಿಕೊಂಡಳು.

ಆ ಕಡೆಯಿಂದ ಮಾರ್ಲೆನ್, "ನಿಮ್ಮ ಹತ್ತಿರ ನನ್ನ ಹುಡುಗಿಯರ ಸೈಕಲ್ ಎಷ್ಟು ಬಂದಿವೆ, ದೋನ್ಯಾ ಎಡೆಲ್ಮಿರಾ?" ಎಂದು ಕೇಳಿದಳು.

"ಈ ಥರ ಕತ್ತರಿಸಿದ್ದು ಇವೆರಡೇ. ಆದ್ರೂ ಎಲ್ಲವನ್ನೂ ಕಳಿಸಿಕೊಡಿ. ಮತ್ತೆ ನೋಡ್ತೀನಿ."

"ಕಳಿಸಬೇಕೋ ಬೇಡವೋ ಯೋಚಿಸ್ತೀನಿ. ನಿದಿಯಾ ನಾಳೆ ಬಂದು ಕೋನ್ ಸುತ್ತಿ ತೋರಿಸ್ಲಿ. ನೋಡೋಣ."

ಆ 'ಯೋಚಿಸ್ತೀನಿ' ಎಡೆಲ್ಮಿರಾಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಕೂರಲಿ ಎಂದುಕೊಂಡಳು.

ಸಿಕ್ಕಿಕೊಂಡಿದ್ದ ದಾರ ಬಿಡಿಸಿ, ಹೊಸ ಕೊಳವೆ ತೂರಿಸಿದಳು. ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ಹೊರಳಿಸಿ, ಕತ್ತರಿ ಹಿಡಿದು ಮಗಳ ಕಡೆ ತಿರುಗಿದಳು. "ಎಲ್ಲಿಗೆ ಕತ್ತರಿಸಲಿ, ನೀನೇ ಹೇಳು." ನಿದಿಯಾ ತಾನೂ ಹೊರಳಿಸಿ ನೋಡಿ, ಬೆರಳಿಟ್ಟು ತೋರಿಸಿದಳು. ಅಲ್ಲಿಗೇ ಕತ್ತರಿಸಿ ಕೂಡಿಸಿದ ಕೊಳವೆ ಹ್ಯಾಂಡಲಿನ ಮುಂದೆ ಕಮಾನಿನಂತೆ ಎದ್ದು ನಿಂತಿತು. ನೋಡಲು ಚೆನ್ನಾಗಿರಲಿಲ್ಲ. ಎವಾರಿಸ್ಟೊ ಕೂಡ ಅದನ್ನು ಜುಟ್ಟು ಎನ್ನಲಿಲ್ಲ.

ನಿದಿಯಾ ಸೈಕಲ್ಲನ್ನು ಬೀದಿಗಿಳಿಸಿ, ಹತ್ತಿ, ಇಗರ್ಜಿಯ ಕಡೆ ನೆಟ್ಟಗೆ ಹೋದಳು. ಅಲ್ಲಿ ವಾಪಸ್ ತಿರುಗುವಾಗ ಹ್ಯಾಂಡಲ್ ಸಲೀಸಾಗಿ ಹೊರಳಿತು, ಚಕ್ರ ತಡೆಯಲಿಲ್ಲ. ಆದರೂ ಅರ್ಧ ತಿರುವಿನಲ್ಲಿ ಅವಳ ಕಾಲು ತಾನಾಗಿ ನೆಲ ಮುಟ್ಟಿತು. ಮತ್ತೊಮ್ಮೆ ಪ್ರಯತ್ನಿಸಿದಳು. ಮತ್ತೆ ಕಾಲು ಊರಿದಳು.

ಬಾಗಿಲಲ್ಲಿ ನಿಂತ ಎಡೆಲ್ಮಿರಾಳಿಗೆ ಅದು ಕಾಣಿಸಿತು. ನಿನ್ನೆ ಬೆಳಿಗ್ಗೆ ಇಲ್ಲದ ಭಯ ಅದು. ವೈರನ್ನೇನೋ ಬದಲಿಸಬಹುದು. ಕೂಗಿ ಹೇಳಬಹುದಾದ ಬುದ್ಧಿಮಾತುಗಳೆಲ್ಲ ಗಂಟಲಿಗೆ ಬಂದವು, ಒಂದನ್ನೂ ಹೊರಬಿಡಲಿಲ್ಲ. ಏಪ್ರನ್ನಿಗೆ ಕೈ ಒರೆಸಿಕೊಂಡು ಬೀದಿಗಿಳಿದು, ನಿದಿಯಾ ಕಾಲು ಊರಿದ್ದ ಜಾಗಕ್ಕೆ ನಡೆದು ಹೋಗಿ, ನಟ್ಟನಡುವೆ ನಿಂತಳು.

"ಏನಮ್ಮಾ?" ಎಂದಳು ನಿದಿಯಾ.

"ನನ್ನ ಸುತ್ತ ತಿರುಗು. ಎಷ್ಟು ದೂರದಿಂದಾದ್ರೂ ಸರಿ, ಎಷ್ಟು ನಿಧಾನಕ್ಕಾದ್ರೂ ಸರಿ."

"ಎಲ್ಲರೂ ನೋಡ್ತಿದಾರೆ."

"ನೋಡ್ಲಿ ಬಿಡು."

ನಿದಿಯಾ ಒಂದು ಗಳಿಗೆ ತಾಯಿಯನ್ನೇ ನೋಡಿದಳು. ಕ್ಷಮಿಸಿದ ನೋಟವೇನೂ ಅಲ್ಲ. ಪೆಡಲಿನ ಮೇಲೆ ಕಾಲಿಟ್ಟು, ದೂರದಿಂದ ದೊಡ್ಡದೊಂದು ಸುತ್ತು ಹಾಕತೊಡಗಿದಳು. ಎಡೆಲ್ಮಿರಾ ತಲೆ ತಗ್ಗಿಸಿ ನಿಂತೇ ಇದ್ದಳು. ಸುತ್ತು ಮೆಲ್ಲಮೆಲ್ಲನೆ ಹತ್ತಿರ ಬರುವುದು ಅವಳಿಗೆ ಟೈರಿನ ಸದ್ದಿನಿಂದಲೇ ತಿಳಿಯುತ್ತಿತ್ತು.