ಕೊಯ್ಯಲಿಕ್ಕೆ ಆರಿಸಿದ ಕೀಬೋರ್ಡು

ಮೂರೂ ಕೀಬೋರ್ಡುಗಳನ್ನು ಬೋರಲು ಹಾಕಿ, ಸ್ಕ್ರೂ ಬಿಚ್ಚಿ, ಮೆಹರಾಜ ಒಂದೊಂದರ ಹೊಟ್ಟೆಯೊಳಗೂ ಟಾರ್ಚ್ ಬಿಟ್ಟು ನೋಡಿದಳು. ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಲ್ಮೇಶನ ಲಗ್ನಪತ್ರಿಕೆ ಅಂಗಡಿ ಖಾಲಿಯಾಗುತ್ತಿತ್ತು. ಈಗ ಜನ ಮೊಬೈಲಿನಲ್ಲೇ ಪತ್ರಿಕೆ ಕಳಿಸುತ್ತಾರೆ. ಇನ್ನು ಇಲ್ಲಿ ಚಪ್ಪಲಿ ಅಂಗಡಿ ಬರುವುದಿತ್ತು. ಗೋಡೆಗೆ ಅಂಟಿಸಿದ್ದ ಮಾದರಿ ಪತ್ರಿಕೆಗಳು ಮಾತ್ರ ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತಿದ್ದವು.

"ಹಳೇ ಕಾಲದ ಮಾಲ್ ನೋಡು," ಎಂದ ಕಲ್ಮೇಶ. "ಒಂದೊಂದು ಕೀಗೂ ಒಳಗ ಸ್ಪ್ರಿಂಗ್ ಐತಿ. ಈಗಿನವು ರಬ್ಬರಿನವು, ಕೆಸರಾಗ ಬೆರಳ ಇಟ್ಟಂಗ ಆಗ್ತೈತಿ."

"ಅದಕ್ಕ ಬಂದೇನ್ರಿ ಕಲ್ಮೇಶಣ್ಣ."

ಮೆಹರಾಜ ಒಂದು ಕಾಲಕ್ಕೆ ಇದೇ ಅಂಗಡಿಯಲ್ಲಿ ಟೈಪು ಮಾಡುತ್ತಿದ್ದವಳು. ಈಗ ಇಂಡಿ ಪಟ್ಟಣದಲ್ಲಿ ತಹಶೀಲ್ದಾರ ಕಚೇರಿಯ ಎದುರು ಅರ್ಜಿ ಬರೆದುಕೊಡುತ್ತಾಳೆ. ಅವಳ ಡಬ್ಬಿ ಅಂಗಡಿಯ ಮೇಜು ಎಷ್ಟು ಸಣ್ಣದೆಂದರೆ ಕೀಬೋರ್ಡು ಇಟ್ಟರೆ ಮೌಸಿಗೆ ಜಾಗವಿಲ್ಲ. ಹಳೆಯ ಗಟ್ಟಿ ಕೀಬೋರ್ಡು ಸಿಕ್ಕರೆ, ಬಲಗಡೆಯ ಅಂಕಿಗಳ ಭಾಗವನ್ನು ಕೊಯ್ದು ತೆಗೆದು, ಒಳಹಲಗೆಯಲ್ಲಿ ಹರಿದ ವಿದ್ಯುತ್ ದಾರಿಗಳಿಗೆ ತಂತಿ ಬೆಸೆದು, ಚಿಕ್ಕದು ಮಾಡಿಕೊಳ್ಳಬೇಕೆಂದಿದ್ದಳು. ಬೆಸುಗೆ ಹಾಕುವುದನ್ನು ಗಂಡ ಅಫ್ರೋಜನ ರಿಪೇರಿ ಅಂಗಡಿಯಲ್ಲಿ ಕಲಿತಿದ್ದಳು.

ಇದು ಯಾರಿಂದಲೋ ಕಲ್ಮೇಶನ ಕಿವಿಗೆ ಬಿದ್ದಿತ್ತು. ದಸರೆಯಲ್ಲಿ ಬನ್ನಿ ಕೊಡುವ ಸಂಜೆ, ಹಗೆಯವರೂ ಕೈ ಮುಗಿಯುವ ಹೊತ್ತಿನಲ್ಲಿ, ಅವನೇ ಫೋನು ಮಾಡಿದ್ದ. "ಹಳೇದೆಲ್ಲಾ ಬಿಟ್ಟುಬಿಡು ತಂಗಿ. ನನ್ನ ಹತ್ರ ಮೂರು ಅದಾವು. ಯಾವುದು ಬೇಕೋ ಅದನ್ನ ಒಯ್ಯಿ, ರೊಕ್ಕ ಬ್ಯಾಡ." ಬನ್ನಿಯ ದಿನ ಆಡಿದ ಮಾತು. ಹೆಂಡತಿ ಶೈಲಶ್ರೀ ಪಕ್ಕದಲ್ಲೇ ನಿಂತು ಕೇಳಿದ್ದಳು.

"ಈ ಮೊದಲನೇದು ಬರೂದಿಲ್ಲ," ಮೆಹರಾಜ ಬೆರಳಿಟ್ಟು ತೋರಿಸಿದಳು. "ಇದನ್ನ ನಡಸೂ ಚಿಪ್ ಅಂಕಿಗಳ ಕೆಳಗ ಕುಂತೈತಿ. ಕೊಯ್ದರ ಎಲ್ಲಾ ಸತ್ತಂಗ. ಎರಡನೇದರ ಚಿಪ್ ಎಡಕ್ಕ ಐತಿ. ನಾಕು ತಂತಿ ಬೆಸೆದರ ಮುಗೀತು."

"ಮತ್ತಿನ್ನೇನು! ಅದನ್ನ ಒಯ್ಯಿ."

"ಮೂರನೇದಕ್ಕ ತಂತಿ ಭಾಳ ಬೇಕು. ಆದರೂ ಅದನ್ನ ಒಯ್ತೇನಿ."

ಕಲ್ಮೇಶನ ನಗು ಅರ್ಧಕ್ಕೆ ನಿಂತಿತು. ಮೂರನೆಯದು ಅವನದು. ಅಂಗಡಿ ತೆರೆದಾಗ ಸೋಲಾಪುರದಿಂದ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು. ಪ್ರತಿ ವರ್ಷ ದಸರೆಯ ಖಂಡೇಪೂಜೆಗೆ ಅದಕ್ಕೆ ಮೊದಲ ಮಂಗಳಾರತಿ. ಈ ಸಲದ ವಿಭೂತಿ, ಕುಂಕುಮ ಉದ್ದ ಕೀಯ ಮೇಲೆ ಇನ್ನೂ ಅಂಟಿತ್ತು.

"ಅದು ಮಾದರಿಗೆ ತೋರ್ಸಾಕ ಇಟ್ಟಿದ್ದೆ..."

"ಮೂರು ಅದಾವು ಅಂದ್ರಿ. ಯಾವುದು ಬೇಕೋ ಅದು ಅಂದ್ರಿ."

"ಹೌದಲ್ರೀ, ಅಂದ್ರಿ," ಎಂದಳು ಶೈಲಶ್ರೀ, ಗೋಡೆಯ ಪತ್ರಿಕೆಗಳನ್ನು ಕೀಳುತ್ತ. "ಕೊಟ್ಟುಬಿಡ್ರಿ ಅತ್ಲಾಗ. ಅದನ್ನ ಒರಿಸಿದಷ್ಟು ಸಲ ನನ್ನ ಮಾರಿನೂ ನೋಡಿಲ್ಲ ನೀವು." ಹಾಗೆಂದು ನಕ್ಕವಳು ಮೆಹರಾಜಳ ಮುಖ ನೋಡಿ ನಗು ನಿಲ್ಲಿಸಿದಳು. "ಅಲ್ಲ ಮೆಹರಾಜ, ಎರಡನೇದು ಸಸಾರ ಅಂತ ನೀನ ಹೇಳ್ದಿ. ಮತ್ತ ಇವರದ ಯಾಕ?"

"ಅಣ್ಣಾರನ್ನ ಕೇಳ್ರಿ ವೈನಿ. ಹೊರ್ತಿ ಗೌಡರ ಪತ್ರಿಕೆ ಯಾವುದರ ಮ್ಯಾಲ ಟೈಪ್ ಮಾಡಿದ್ದು ಅಂತ ಕೇಳ್ರಿ."

ಅದು ಮೆಹರಾಜಳ ಲಗ್ನಕ್ಕೂ ಮೊದಲಿನ ಮಾತು. ಹೊರ್ತಿಯ ದೊಡ್ಡ ಮನೆಯ ಪತ್ರಿಕೆಯಲ್ಲಿ, ಜೀವಂತ ಇದ್ದ ಅಜ್ಜನ ಹೆಸರಿಗೆ ಮೊದಲು, ತೀರಿಹೋದ ಲಿಂಗಾಯತ ಹಿರಿಯರಿಗೆ ಹಾಕುವ ‘ಲಿಂ.’ ಬಿದ್ದಿತ್ತು. ಪತ್ರಿಕೆ ಊರೂರಿಗೆ ಹಂಚಿಯಾಗಿತ್ತು. ಬೀಗರ ಕಡೆಯವರು ಸಾವಿನ ಮನೆಯೆಂದು ಮಾತಾಡಿಸಲು ಬಂದು, ಕಟ್ಟೆಯ ಮೇಲೆ ಎಲೆಯಡಿಕೆ ಜಗಿಯುತ್ತ ಕುಳಿತ ಅಜ್ಜನನ್ನೇ ಕಂಡು ಅಳು ಬಿಟ್ಟು ನಿಂತರು. ಗೌಡರ ಮಂದಿ ಜೀಪು ತುಂಬಿ ಅಂಗಡಿಗೆ ಬಂದಾಗ ಕಲ್ಮೇಶ, "ಟೈಪ್ ಮಾಡಿದಾಕಿ ಸಾಬರ ಹುಡುಗಿರಿ. ನಮ್ಮ ಪದ್ಧತಿ ಅವರಿಗೇನು ತಿಳೀತೈತಿ," ಎಂದಿದ್ದ. ಅದಕ್ಕೂ ಮೊದಲು ರಾಶಿ ಪತ್ರಿಕೆ ಮಾಡಿದ್ದಳು ಆ ಹುಡುಗಿ. ಹಿರಿಯರಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂದು ಎರಡೆರಡು ಸಲ ಕೇಳಿಯೇ ಹಾಕುವವಳು. ಅವಳ ಅಬ್ಬಾ, ದರ್ಜಿ ಕುತುಬುದ್ದೀನ, ಹೊರ್ತಿಗೆ ಹೋಗಿ ಅಂಗಳದಲ್ಲಿ ನಿಂತು ತಲೆಯ ಟೋಪಿ ತೆಗೆದು ಅಜ್ಜನ ಕಾಲ ಹತ್ತಿರ ಇಟ್ಟ. ಮನೆಗೆ ಬಂದವನು ಆ ಟೋಪಿಯನ್ನು ಮತ್ತೆ ಹಾಕಲಿಲ್ಲ. ನಮಾಜಿಗೆ ಕರವಸ್ತ್ರ ಕಟ್ಟಿಕೊಂಡೇ ಹೋಗುತ್ತಿದ್ದ, ಮಣ್ಣಾಗುವವರೆಗೂ.

ಶೈಲಶ್ರೀಯ ಕೈಯಲ್ಲಿ ಕಿತ್ತ ಪತ್ರಿಕೆಗಳು ಹಾಗೇ ಉಳಿದವು. "ಅದು ನೀ ಮಾಡಿದ್ದಲ್ಲೇನು?" ಎಂದಳು.

"ನಾ ಮುಗಿಸಿ ಮನಿಗೆ ಹೋದಮ್ಯಾಲ ಇದರ ಮ್ಯಾಲ ತಿದ್ದಿದವರು ಬ್ಯಾರೆ." ಮೆಹರಾಜ ಚೀಲದಿಂದ ಕಬ್ಬಿಣ ಕೊಯ್ಯುವ ಗರಗಸ ತೆಗೆದು ಮೇಜಿನ ಮೇಲಿಟ್ಟಳು. "ಕಲ್ಮೇಶಣ್ಣ, ವೈನಿ ಮುಂದ ಒಂದು ಖರೇ ಮಾತು ಹೇಳ್ರಿ. ಎರಡನೇದು ತಗೊಂಡು ಸುಮ್ನ ಹೋಗ್ತೇನಿ."

ಕಲ್ಮೇಶ ಹೆಂಡತಿಯ ಕಡೆ ನೋಡಲಿಲ್ಲ. "ಆವತ್ತು ಲೈಟ್ ಹೋಗಿ ಹೋಗಿ ಬರಾಕತ್ತಿತ್ತು. ಯಾರು ಮಾಡಿದ್ರೋ, ಏನೋ. ಎಷ್ಟು ವರ್ಷದ ಮಾತು..."

"ಆತು ಬಿಡ್ರಿ. ವೈನಿ, ಕುಂಕುಮ ಒರಿಸಿ ಕೊಡ್ರಿ. ದೇವರಿಗಿ ಹಚ್ಚಿದ್ದರ ಮ್ಯಾಲ ನಾ ಗರಗಸ ಎಳಿಯೂದಿಲ್ಲ."

ಶೈಲಶ್ರೀ ಗಂಡನನ್ನು ಒಂದು ಗಳಿಗೆ ನೋಡಿದಳು. ಸೆರಗಿನ ತುದಿಯಿಂದ ವಿಭೂತಿ, ಕುಂಕುಮ ಒರೆಸಿ, ಕೀಬೋರ್ಡನ್ನು ಎರಡೂ ಕೈಯಿಂದ ಎತ್ತಿ ಕೊಟ್ಟಳು.

"ಇಲ್ಲೇ ಕೊಯ್ತೀಯೇನು?" ಕಲ್ಮೇಶನ ಧ್ವನಿ ಸಣ್ಣದಾಗಿತ್ತು. "ಇಂಡಿಗೆ ಒಯ್ದು ಏನರೆ ಮಾಡ್ಕೋ."

"ಪೂರಾ ಒಯ್ಯಾಕ ಚೀಲ ಸಾಲೂದಿಲ್ರಿ. ಆ ತುದಿ ಹಿಡಿರಿ."

ಯಾಕೆ ಹಿಡಿದೆನೆಂದು ಅವನಿಗೇ ತಿಳಿಯಲಿಲ್ಲ. ಕೀಗಳನ್ನು ಕಿತ್ತು ಬದಿಗಿಟ್ಟು ಮೆಹರಾಜ ಗೆರೆ ಎಳೆದಳು. ಗರಗಸ ಮೊದಲು ಹಸಿರು ಹಲಗೆಯಲ್ಲಿ ಇಳಿಯಿತು, ಆಮೇಲೆ ಅದರ ಕೆಳಗಿನ ಕಬ್ಬಿಣದ ತಗಡಿಗೆ ತಾಗಿ ಕಿರುಗುಟ್ಟಿತು. ಅವಳು ಅವಸರ ಮಾಡಲಿಲ್ಲ. ಎಳೆದಂತೆಲ್ಲ ಕಲ್ಮೇಶನ ಮುಂಗೈ ಅದುರುತ್ತಿತ್ತು. ಓಣಿಯಲ್ಲಿ ಹೋಗುವವರು ನಿಂತು ಇಣುಕಿ ಹೋದರು.

ಅರ್ಧಕ್ಕೆ ಬಂದಾಗ ಅವನು, "ನಾನ ಹಾಕಿದ್ದು," ಎಂದ.

ಗರಗಸ ನಿಲ್ಲಲಿಲ್ಲ.

"ಮೆಹರಾಜ, ನಾನ ಹಾಕಿದ್ದೆ ಆ ಲಿಂ. ಅಂಬೂದು. ಅಜ್ಜನ ಅಪ್ಪನ ಹೆಸರಿಗಿ ಹಾಕೂದು ನಿನಗ ಹೇಳಾಕ ಮರ್ತಿದ್ದೆ, ನೀ ಹೋದಮ್ಯಾಲ ತಿದ್ದಾಕ ಹೋಗಿ ಅವಸರದಾಗ ಅಜ್ಜನ ಹೆಸರಿಗಿ ಬಿತ್ತು. ಕೇಳಿಸ್ತೇನು?"

"ಕೇಳಿಸ್ತ್ರಿ," ಎಂದಳು ಮೆಹರಾಜ. "ಗಟ್ಟಿ ಹಿಡಿರಿ, ಅಲಗಾಡಾಕತ್ತೈತಿ."

ಕೊನೆಯ ಎಳೆತಕ್ಕೆ ಅಂಕಿಗಳ ತುಂಡು ಕಳಚಿ ಅವನ ಕೈಗೆ ಬಂತು. ಮೆಹರಾಜ ತನ್ನ ಪಾಲನ್ನು ತಿರುವಿ ನೋಡಿದಳು, ಕೊಯ್ದ ಅಂಚಿನ ಪುಡಿಯನ್ನು ಊದಿದಳು, ಹಳೇ ದುಪಟ್ಟಾದಲ್ಲಿ ಸುತ್ತತೊಡಗಿದಳು.

ಗಂಡನ ಮಾತು ಕೇಳಿ ಶೈಲಶ್ರೀ ಯಾವಾಗ ಎದುರಿನ ಹೋಟೆಲಿಗೆ ಹೋಗಿದ್ದಳೋ, ಎರಡು ಕಪ್ ಚಹಾ ಹಿಡಿದು ಬಂದಳು. ಒಂದನ್ನು ಮೆಹರಾಜಳ ಮುಂದೆ ಇಟ್ಟಳು. ಇನ್ನೊಂದನ್ನು ಸಾಸರಿಗೆ ಸುರುವಿಕೊಂಡು, ಗಂಡನಿಗೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕುಳಿತು, ತಾನೇ ಊದಿ ಊದಿ ಕುಡಿಯತೊಡಗಿದಳು.